ನಳದ ನೀರು, ಬಡವರ ದಿನಗೂಲಿ ಮತ್ತು ವಾರ್ಡಿನ ಸದಸ್ಯ

ವಿಧಾನಸಭೆಗೆ ಯಾರು ಹೋಗಬೇಕು, ಲೋಕಸಭೆಗೆ ಯಾರು ಹೋಗಬಾರದು ಎಂಬ ವಿಷಯದಲ್ಲಿ ನಮ್ಮ ಸಮುದಾಯದೊಳಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಚಹಾದಂಗಡಿ, ಮದುವೆಯ ಮನೆ, ಮಸೀದಿಯ ಅಂಗಳ ಎಲ್ಲೆಡೆಯೂ ಅದೇ ಮಾತು. ಆದರೆ ಮನೆಯ ಮುಂದಿನ ಗಟಾರ, ನಳಕ್ಕೆ ಬರುವ ನೀರು, ಓಣಿಯ ಬೀದಿದೀಪ, ತಳ್ಳುಗಾಡಿ ನಿಲ್ಲಿಸಲು ಬೇಕಾದ ನಾಲ್ಕು ಅಡಿ ಜಾಗ ಇವುಗಳ ಬಗ್ಗೆ ತೀರ್ಮಾನವಾಗುವುದು ಬೆಂಗಳೂರಿನಲ್ಲಾಗಲೀ ದಿಲ್ಲಿಯಲ್ಲಾಗಲೀ ಅಲ್ಲ, ನಮ್ಮೂರಿನ ನಗರಸಭೆಯ ಸಭಾಂಗಣದಲ್ಲಿ. ಅಲ್ಲಿ ನಮ್ಮ ಪರವಾಗಿ ಕುಳಿತುಕೊಳ್ಳುವ ವ್ಯಕ್ತಿಯನ್ನು ಆರಿಸುವಾಗ ಮಾತ್ರ ನಾವು ಅಷ್ಟೊಂದು ತಲೆಕೆಡಿಸಿಕೊಳ್ಳುವುದಿಲ್ಲ. ಬಂಧು, ಪರಿಚಿತ, ನಮ್ಮವ ಎಂಬಷ್ಟರಲ್ಲೇ ವಿಚಾರ ಮುಗಿದುಹೋಗುತ್ತದೆ. ಈ ಉದಾಸೀನಕ್ಕೆ ಬೆಲೆ ತೆರುತ್ತಿರುವವರು ನಮ್ಮ ನಡುವಿನ ಬಡವರು.

ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡಿತು. ಅದರ ಕೇಂದ್ರವಾದ ಗದಗ-ಬೆಟಗೇರಿ ಅವಳಿ ನಗರದಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 1.72 ಲಕ್ಷ ಜನರಿದ್ದರು. ಇಲ್ಲಿ 35 ವಾರ್ಡುಗಳ ನಗರಸಭೆಯಿದೆ. ಲಕ್ಷ್ಮೇಶ್ವರ ಮತ್ತು ಮುಂಡರಗಿಗಳಲ್ಲಿ ಪುರಸಭೆಗಳೂ ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿಯೂ ಇವೆ. ಬೆಟಗೇರಿಯ ನೇಕಾರ, ಗದಗ ಎಪಿಎಂಸಿಯ ಹಮಾಲ, ಗೌಂಡಿ ಕೆಲಸದವ, ಗ್ಯಾರೇಜಿನ ಹುಡುಗ, ಸಂತೆಯಲ್ಲಿ ಬಳೆ ಮಾರುವ ಹೆಣ್ಣುಮಗಳು, ನಸುಕಿನಲ್ಲೇ ಕಸಬರಿಗೆ ಹಿಡಿಯುವ ಪೌರಕಾರ್ಮಿಕ ಇವರೆಲ್ಲರ ದುಡಿಮೆಯಿಂದ ಈ ಊರುಗಳು ನಡೆಯುತ್ತಿವೆ. ಇವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ, ಇತರರೂ ಇದ್ದಾರೆ. ಬಡತನಕ್ಕೆ ಜಾತಿ ಧರ್ಮಗಳ ಗಡಿಯಿಲ್ಲ.

ಬಡತನವೆಂದರೆ ಕೈಯಲ್ಲಿ ಕಾಸಿಲ್ಲದಿರುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಬಡತನವನ್ನು ದಿನದಿನವೂ ಹೊಸದಾಗಿ ಹುಟ್ಟಿಸುವ ಕಾರಣಗಳು ಓಣಿಯಲ್ಲೇ ಇವೆ. ನೀರಿನ ಮಾತನ್ನೇ ತೆಗೆದುಕೊಳ್ಳಿ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ತುಂಗಭದ್ರೆಗೆ ಅಡ್ಡಲಾಗಿ ಬ್ಯಾರೇಜು ಇದೆ. ಗದಗಿನ ನಳಗಳಿಗೂ ತುಂಗಭದ್ರೆಯ ನೀರೇ ಆಧಾರ. ನದಿಯಲ್ಲಿ ನೀರಿದ್ದ ಮಾತ್ರಕ್ಕೆ ನಳದಲ್ಲಿ ನೀರಿರುತ್ತದೆಯೇ? ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ತಿಳಿಯದ ಓಣಿಯಲ್ಲಿ ಕೂಲಿಗೆ ಹೋಗುವ ತಾಯಿ ಒಂದು ದಿನದ ಪಗಾರ ಬಿಟ್ಟು ಕೊಡ ಹಿಡಿದು ಕಾಯಬೇಕಾಗುತ್ತದೆ, ಇಲ್ಲವೇ ಮಗಳನ್ನು ಶಾಲೆ ಬಿಡಿಸಿ ನಿಲ್ಲಿಸಬೇಕಾಗುತ್ತದೆ. ಬಹುದಿನಗಳಿಗೊಮ್ಮೆ ಬರುವ ನೀರನ್ನು ಬ್ಯಾರೆಲ್ಲುಗಳಲ್ಲಿ ತುಂಬಿಡಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಹೀಗೆ ನಿಂತ ತಿಳಿನೀರಿನಲ್ಲೇ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಯ ಖರ್ಚು, ಖರ್ಚಿಗೆ ಸಾಲ, ಸಾಲಕ್ಕೆ ಬಡ್ಡಿ. ನಳದಿಂದ ಆರಂಭವಾದ ಈ ಸರಪಳಿ ಕೊನೆಗೆ ಮಾರ್ವಾಡಿ ಅಂಗಡಿಯ ಒಡವೆ ಅಡವಿನವರೆಗೆ ಹೋಗಿ ನಿಲ್ಲುತ್ತದೆ. ಅಂಥ ಮನೆಗೆ ರಮಝಾನಿನಲ್ಲಿ ಒಂದು ಆಹಾರದ ಕಿಟ್ ತಲುಪಿಸಿದರೆ ಹದಿನೈದು ದಿನದ ಹಸಿವು ನೀಗಬಹುದು. ಸರಪಳಿಯ ಒಂದು ಕೊಂಡಿಯೂ ಕಳಚುವುದಿಲ್ಲ.

ಇದನ್ನು ಕಳಚಬಲ್ಲ ಅಧಿಕಾರ ಯಾರಿಗಿದೆ? 1992ರ ಸಂವಿಧಾನದ 74ನೆಯ ತಿದ್ದುಪಡಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದೆ. ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಲಾಗಿದೆ. ರಸ್ತೆ, ನೀರು, ನೈರ್ಮಲ್ಯಗಳ ಜೊತೆಗೆ ಕೊಳೆಗೇರಿಗಳ ಸುಧಾರಣೆಯೂ ನಗರ ಬಡತನದ ನಿವಾರಣೆಯೂ ಆ ಪಟ್ಟಿಯಲ್ಲಿವೆ. ಅಂದರೆ ಬಡತನ ನಿವಾರಣೆಯೆಂಬುದು ಸದಸ್ಯನೊಬ್ಬ ಚುನಾವಣೆಯ ಹೊತ್ತಿಗೆ ತೋರುವ ಔದಾರ್ಯವಲ್ಲ, ಅವನು ಕುಳಿತಿರುವ ಸಂಸ್ಥೆಯ ಕರ್ತವ್ಯ.

ಹಣವಿಲ್ಲ ಎಂಬ ಮಾತನ್ನು ಪ್ರತಿ ಸದಸ್ಯನೂ ಹೇಳುತ್ತಾನೆ. ಅದರಲ್ಲಿ ಸತ್ಯಾಂಶವಿದೆ. ಸಣ್ಣ ಪಟ್ಟಣಗಳ ಸ್ವಂತ ಆದಾಯವೆಂದರೆ ಆಸ್ತಿ ತೆರಿಗೆ, ಮಳಿಗೆಗಳ ಬಾಡಿಗೆ, ನೀರಿನ ಕರ ಮುಂತಾದವು ಮಾತ್ರ. ಆದರೆ ಇದ್ದ ಹಣದಲ್ಲೂ ಬಡವರ ಪಾಲು ಗೊತ್ತುಪಡಿಸಲಾಗಿದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ ಶೇ 24.10, ಇತರ ಬಡಜನರ ಕಲ್ಯಾಣಕ್ಕೆ ಶೇ 7.25, ಅಂಗವಿಕಲರಿಗಾಗಿ ಶೇ 5ರಷ್ಟು ಮೊತ್ತವನ್ನು ಕಾದಿರಿಸಬೇಕು. ನಮ್ಮ ಓಣಿಗಳಲ್ಲಿ ಈ ಶೇ 7.25ರ ಹೆಸರನ್ನಾದರೂ ಕೇಳಿದವರು ಎಷ್ಟು ಮಂದಿ? ಈ ವರ್ಷ ಆ ಮೊತ್ತ ಎಷ್ಟಾಯಿತು, ಯಾರಿಗೆ ಸಂದಿತು, ಎಷ್ಟು ಖರ್ಚಾಗದೆ ಉಳಿಯಿತು ಎಂದು ಸದಸ್ಯನನ್ನು ಕೇಳಿದ ಒಂದು ಜಮಾಅತ್ ಇದ್ದರೆ ಅದು ಇಡೀ ಜಿಲ್ಲೆಗೆ ಮಾದರಿಯಾಗುತ್ತದೆ. ಕೇಳುವುದಕ್ಕೆ ಹೋರಾಟವೇ ಬೇಕೆಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಸಾಕು.

ಒಬ್ಬ ಸದಸ್ಯನಿಗೆ ತಾನೇ ಹಣ ಮಂಜೂರು ಮಾಡುವ ಅಧಿಕಾರವಿಲ್ಲ, ನಿಜ. ಪೌರಾಯುಕ್ತರಿಗೋ ಮುಖ್ಯಾಧಿಕಾರಿಗೋ ಇರುವ ಕಾರ್ಯಾಂಗದ ಅಧಿಕಾರವೂ ಇಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಕೇಳುವ, ಕ್ರಿಯಾ ಯೋಜನೆಯಲ್ಲಿ ಕಾಮಗಾರಿ ಸೇರಿಸುವ, ಅಧಿಕಾರಿಯನ್ನು ಓಣಿಗೆ ಕರೆತಂದು ತೋರಿಸುವ ಶಕ್ತಿ ಅವನಿಗಿದೆ. ಈ ಶಕ್ತಿಯನ್ನು ಯಾವುದಕ್ಕೆ ಬಳಸುತ್ತಾನೆ ಎಂಬುದರಲ್ಲಿ ಸದಸ್ಯ ಸದಸ್ಯರ ನಡುವಿನ ಅಂತರವಿದೆ. ಚೆನ್ನಾಗಿಯೇ ಇರುವ ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೊಂದು ಪದರ ಹಾಕಿಸುವುದು ಸುಲಭ. ಅಲ್ಲಿ ಗುತ್ತಿಗೆಯಿದೆ, ಶಂಕುಸ್ಥಾಪನೆಯಿದೆ, ಫಲಕದಲ್ಲಿ ಹೆಸರಿದೆ. ನಲವತ್ತು ವರ್ಷಗಳಿಂದ ಒಂದೇ ಜಾಗದಲ್ಲಿ ಬಾಳಿದ ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸುವುದು ಕಷ್ಟ. ಅಲ್ಲಿ ಕಡತ ಹಿಡಿದು ವರ್ಷಗಟ್ಟಲೆ ಅಲೆಯಬೇಕು, ಫಲಕವೂ ಇರುವುದಿಲ್ಲ. ಆದರೆ ಹಕ್ಕುಪತ್ರವಿಲ್ಲದ ಮನೆಗೆ ವಸತಿ ಯೋಜನೆಯ ಸಹಾಯಧನ ಸಿಗುವುದಿಲ್ಲ, ಬ್ಯಾಂಕಿನ ಸಾಲವೂ ಹುಟ್ಟುವುದಿಲ್ಲ. ಘೋಷಿತ ಕೊಳೆಗೇರಿಗಳ ಸುಧಾರಣೆಗೆ 1973ರಷ್ಟು ಹಿಂದೆಯೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ತನ್ನ ವಾರ್ಡಿನ ಬಡ ಬಡಾವಣೆ ಘೋಷಿತ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಯದ ಸದಸ್ಯ ಅಲ್ಲಿಯ ಜನರಿಗೆ ಏನು ಮಾಡಿಯಾನು?

ಬೀದಿಬದಿ ವ್ಯಾಪಾರಿಗಳ ಮಾತೂ ಹಾಗೆಯೇ. ಹಣ್ಣು, ತರಕಾರಿ, ಬಟ್ಟೆ, ಬಳೆ ಮಾರಿ ಬದುಕುವವರಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ. 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ಮೊದಲು ಯಾರನ್ನೂ ಎಬ್ಬಿಸುವಂತಿಲ್ಲ. 2020ರಲ್ಲಿ ಬಂದ ಸ್ವನಿಧಿ ಯೋಜನೆಯ ಸಾಲಕ್ಕೂ ನಗರಸಭೆಯ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಬೇಕು. ತಳ್ಳುಗಾಡಿ ಎತ್ತಿ ಲಾರಿಗೆ ಹಾಕಿದ ಮೇಲೆ ಸದಸ್ಯ ಬಂದು ದಂಡ ಕಡಿಮೆ ಮಾಡಿಸಿದರೆ ನಾವು ಅವನಿಗೆ ಹಾರ ಹಾಕುತ್ತೇವೆ. ಗಾಡಿಯನ್ನು ಎತ್ತಲೇಬಾರದೆಂಬ ಕಾನೂನು ಇರುವಾಗ ಅದನ್ನು ಸಭೆಯಲ್ಲಿ ಮೊದಲೇ ಏಕೆ ಎತ್ತಲಿಲ್ಲ ಎಂದು ಕೇಳುವುದಿಲ್ಲ.

ಸಾಲದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿಯನ್ನು ಹರಾಮ್ ಎಂದು ನಂಬುವ ಮನೆಗಳ ಹೆಣ್ಣುಮಕ್ಕಳೂ ವಾರದ ಕಂತಿನ ಗುಂಪಿನಲ್ಲಿ ಕುಳಿತಿದ್ದಾರೆ. ಅವರನ್ನು ದೂರಿ ಫಲವೇನು? ಬೇರೆ ದಾರಿಯನ್ನು ನಾವು ತೋರಿಸಿದ್ದೇವೆಯೇ? ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸಾಲಗಾರರ ಹಿಡಿತದಿಂದ ಬಿಡಿಸಲು ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಇತಿಹಾಸವನ್ನು ಈ ನೆಲದ ಹೆಸರಿಲ್ಲದೆ ಬರೆಯಲಾಗದು. ಒಂದು ಹಳ್ಳಿ ನೂರಿಪ್ಪತ್ತು ವರ್ಷಗಳ ಹಿಂದೆ ಮಾಡಿದ್ದನ್ನು ಇಂದು ಒಂದು ವಾರ್ಡು ಮಾಡಲಾರದೇ? ಸ್ವಸಹಾಯ ಸಂಘಗಳನ್ನು ಬಲಪಡಿಸುವುದು, ಬಡ್ಡಿರಹಿತ ಕೈಗಡದ ನಿಧಿ ಕಟ್ಟುವುದು, ಅದಕ್ಕೆ ಶಿಸ್ತಿನ ಲೆಕ್ಕವಿಡುವುದು ಸದಸ್ಯನೂ ಜಮಾಅತ್ತೂ ಕೂಡಿ ಮಾಡಬಹುದಾದ ಕೆಲಸ.

ಇದೆಲ್ಲ ರಾಜಕೀಯ, ದೀನಿನ ಮಾತಲ್ಲ ಎನ್ನುವವರಿದ್ದಾರೆ. ದಾರಿಯಲ್ಲಿ ಬಿದ್ದ ತೊಡಕನ್ನು ಸರಿಸುವುದನ್ನೂ ಈಮಾನಿನ ಒಂದು ಶಾಖೆಯೆಂದು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ಹೀಗೆ ಹೇಳಬಹುದೇ? ಮದೀನಾದಲ್ಲಿ ಸಿಹಿನೀರಿಗೆ ಜನರು ಹಣ ತೆರಬೇಕಾಗಿದ್ದಾಗ ಹ. ಉಸ್ಮಾನ್(ರ) ರೂಮಾ ಬಾವಿಯನ್ನು ತಮ್ಮ ಸಂಪತ್ತಿನಿಂದ ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಅವರು ದಿನಕ್ಕಿಷ್ಟು ಕೊಡ ನೀರು ಹಂಚಿ ಹೆಸರು ಗಳಿಸಲಿಲ್ಲ. ನೀರಿನ ಮೂಲವನ್ನೇ ಜನರದ್ದಾಗಿಸಿದರು. ದಾನಕ್ಕೂ ವ್ಯವಸ್ಥೆಗೂ ಇರುವ ವ್ಯತ್ಯಾಸ ಇದೇ. ಮುಂದಿನ ಕಾಲದ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿದ್ದನು. ಸಂತೆಯ ತೂಕ ಅಳತೆ, ಬೀದಿಯ ಅತಿಕ್ರಮಣ, ನೀರಿನ ವ್ಯವಸ್ಥೆ ಇವೆಲ್ಲ ಅವನ ಮೇಲ್ವಿಚಾರಣೆಗೆ ಒಳಪಟ್ಟಿದ್ದವು. ಹುದ್ದೆಯೆಂಬುದು ಅಮಾನತ್, ಅಮಾನತ್ತಿನ ಲೆಕ್ಕ ಪರಲೋಕದಲ್ಲಿ ಮಾತ್ರವಲ್ಲ, ಇಹದಲ್ಲೂ ಕೇಳಲ್ಪಡಬೇಕು.

ಗೆದ್ದ ಮೇಲೆ ನಮ್ಮ ಸದಸ್ಯ ನಮ್ಮ ಓಣಿಗಷ್ಟೇ ದುಡಿಯಬೇಕೆಂದು ಬಯಸುವುದೂ ತಪ್ಪೇ. ಕರ್ನಾಟಕದ ಜನ ಅಬ್ದುಲ್ ನಝೀರ್ ಸಾಬರನ್ನು ಏಕೆ ನೆನೆಯುತ್ತಾರೆ? 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಬರಪೀಡಿತ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದರು. ಆ ಕೈಪಂಪಿನ ನೀರು ಯಾವ ಕೇರಿಯವರೆಂದು ಕೇಳದೆ ಎಲ್ಲರ ಕೊಡವನ್ನೂ ತುಂಬಿತು. ಜನರೇ ಅವರನ್ನು ನೀರ್ ಸಾಬ್ ಎಂದು ಕರೆದರು. 1988ರಲ್ಲಿ ಅವರು ತೀರಿಕೊಂಡರೂ ಆ ಹೆಸರು ಅಳಿಯಲಿಲ್ಲ. ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಭಾಷಣ ತಂದುಕೊಟ್ಟಿದೆ? ಫಕೀರೇಶ್ವರ ಮಠದ ಶಿರಹಟ್ಟಿಯಲ್ಲೂ, ದೂದನಾನಾ ದರ್ಗಾ ಮತ್ತು ಸೋಮೇಶ್ವರ ದೇವಾಲಯಗಳ ಲಕ್ಷ್ಮೇಶ್ವರದಲ್ಲೂ ನಾವು ಭಾವೈಕ್ಯದ ಮಾತನ್ನು ಹೆಮ್ಮೆಯಿಂದ ಆಡುತ್ತೇವೆ. ಉರುಸು, ಜಾತ್ರೆಗಳ ದಿನ ಆಡಿದ ಆ ಮಾತು ಉಳಿದ ದಿನಗಳಲ್ಲಿ ನಿಲ್ಲಬೇಕಾದರೆ ಎರಡೂ ಓಣಿಗಳ ಗಟಾರಕ್ಕಾಗಿ ಒಬ್ಬನೇ ಸದಸ್ಯ ಸಭೆಯಲ್ಲಿ ಎದ್ದು ನಿಲ್ಲಬೇಕು.

ಇನ್ನೊಂದು ಕಹಿ ಸತ್ಯ. ಮಹಿಳಾ ಮೀಸಲಿನಿಂದ ನಮ್ಮ ಸಹೋದರಿಯರು ಆಯ್ಕೆಯಾಗುತ್ತಾರೆ, ಆದರೆ ಓಣಿಯಲ್ಲಿ ಸದಸ್ಯನೆನಿಸಿಕೊಳ್ಳುವವನು ಗಂಡನೋ ಅಣ್ಣನೋ ಆಗಿರುತ್ತಾನೆ. ಕೊಡ ಹಿಡಿದು ಕಾಯುವ ಕಷ್ಟ ಬಲ್ಲವಳು ಹೆಣ್ಣು. ಶೌಚಾಲಯವಿಲ್ಲದ ಮನೆಯ ಸಂಕಟ ಬಲ್ಲವಳೂ ಅವಳೇ. ಆ ಅರಿವನ್ನು ಸಭೆಯಿಂದ ಹೊರಗಿಟ್ಟು ರುಜು ಮಾತ್ರ ಪಡೆಯುವುದು ವಾರ್ಡಿಗೆ ಮಾಡುವ ಅನ್ಯಾಯ.

ಹಾಗಾದರೆ ನಾವೇನು ಮಾಡಬಹುದು? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನ ಹೇಳುತ್ತದೆ. ನಮ್ಮ ನಾಲ್ಕೂ ಊರುಗಳು ಆ ಅಳತೆಗೆ ಬರುವುದಿಲ್ಲ. ಕಾನೂನು ಕಡ್ಡಾಯ ಮಾಡದಿದ್ದರೇನಂತೆ, ನಾವೇ ಕೂಡಬಾರದೆಂದು ಎಲ್ಲಿಯೂ ಹೇಳಿಲ್ಲ. ಮಸೀದಿಯ ಸಮಿತಿ, ದೇವಸ್ಥಾನದ ಹಿರಿಯರು, ಸ್ವಸಹಾಯ ಸಂಘಗಳ ಮಹಿಳೆಯರು, ಒಬ್ಬಿಬ್ಬರು ಶಿಕ್ಷಕರು ಸೇರಿ ಮೂರು ತಿಂಗಳಿಗೊಮ್ಮೆ ಸದಸ್ಯನನ್ನು ಕರೆದು ಕೂರಿಸಲಿ. ನೀರು ಎಷ್ಟು ದಿನಕ್ಕೊಮ್ಮೆ ಬಂತು, ಎಷ್ಟು ಹಕ್ಕುಪತ್ರಗಳ ಅರ್ಜಿ ಬಾಕಿಯಿದೆ, ಎಷ್ಟು ವ್ಯಾಪಾರಿಗಳಿಗೆ ಗುರುತಿನ ಚೀಟಿ ಸಿಕ್ಕಿದೆ, ಶೇ 7.25ರ ಹಣ ಎಲ್ಲಿ ಹೋಯಿತು ಎಂಬ ನಾಲ್ಕೇ ಪ್ರಶ್ನೆಗಳನ್ನು ಕೇಳಲಿ. ಉತ್ತರವನ್ನು ಬರೆದು ಓಣಿಯ ಗೋಡೆಗೆ ಅಂಟಿಸಲಿ. ಒಳ್ಳೆಯ ಸದಸ್ಯನಿಗೆ ಇದು ಅವಮಾನವಲ್ಲ, ಬೆಂಬಲ. ಜನರು ಕೇಳುತ್ತಿದ್ದಾರೆಂಬ ಕಾಗದ ಕೈಯಲ್ಲಿದ್ದರೆ ಅಧಿಕಾರಿಯ ಮುಂದೆ ಅವನ ದನಿಗೆ ಬಲ ಬರುತ್ತದೆ. ಕೆಲಸ ಮಾಡದವನಿಗೆ ಮುಂದಿನ ಚುನಾವಣೆಯ ಉತ್ತರವೂ ಆ ಗೋಡೆಯ ಮೇಲೇ ಇರುತ್ತದೆ.

ಝಕಾತ್ ನಮ್ಮ ಮೇಲೆ ಕಡ್ಡಾಯ. ಅದನ್ನು ಕೊಡುತ್ತಲೇ ಇರೋಣ. ಆದರೆ ನಗರಸಭೆ ಮಾಡಬೇಕಾದ ಕೆಲಸಕ್ಕೆ ಝಕಾತ್ ಬದಲಿಯಾಗಬಾರದು. ಬಡವನಿಗೆ ಸರ್ಕಾರದಿಂದ ಹಕ್ಕಾಗಿ ಬರಬೇಕಾದದ್ದನ್ನು ನಾವು ಭಿಕ್ಷೆಯಾಗಿ ಕೊಟ್ಟು ತೃಪ್ತಿಪಟ್ಟರೆ ಅವನಿಗೆ ಎರಡು ಬಾರಿ ನಷ್ಟವಾಗುತ್ತದೆ: ಹಕ್ಕೂ ಹೋಗುತ್ತದೆ, ಮಾನವೂ ಹೋಗುತ್ತದೆ. ಮುಂದಿನ ಸಲ ಮತ ಕೇಳಿ ಬಂದವನಿಗೆ ಚಹಾ ಕೊಟ್ಟು ಕೂರಿಸಿ. ಅವನು ಯಾರ ಮಗ ಎಂದು ವಿಚಾರಿಸುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಅವನ ಮುಂದಿಡಿ.