ಹಳೆಯ ವಿದ್ಯಾರ್ಥಿಗಳು ಬಂದಾಗ ಏನು ಕೇಳಬೇಕು?

ನಮ್ಮ ಮಠಗಳ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶವೆಂದರೆ ಶಾಲು, ಹಾರ, ನೆನಪಿನ ಕಾಣಿಕೆ, ದೇಣಿಗೆಯ ಘೋಷಣೆ, ಪ್ರಸಾದ. ಬ್ಯಾಂಕಿನ ದೊಡ್ಡ ಅಧಿಕಾರಿಗಳು, ಲೆಕ್ಕಪರಿಶೋಧಕರು ವೇದಿಕೆಯೇರಿ ಗುರುಗಳನ್ನು ನೆನೆದು ಸಂಜೆಗೆ ಊರು ಬಿಡುತ್ತಾರೆ. ಬೆಳಗಿನಿಂದ ಕುರ್ಚಿ ಜೋಡಿಸಿದ ಬಿ.ಕಾಂ. ಹುಡುಗ ಅವರೊಡನೆ ಒಂದು ಮಾತೂ ಆಡಿರುವುದಿಲ್ಲ.

ಹಣಕಾಸಿನ ಉದ್ಯೋಗಗಳ ಒಳಹೊರಗು ತಿಳಿಯುವುದು ಪಠ್ಯಕ್ಕಿಂತ ಹೆಚ್ಚಾಗಿ ನೆಂಟರಿಷ್ಟರಿಂದ. ಕರಾವಳಿಯನ್ನು ನೋಡಿ. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವು. ಅಲ್ಲಿನ ಎಷ್ಟೋ ಮನೆಗಳಲ್ಲಿ ಚಿಕ್ಕಪ್ಪನೋ ಸೋದರಮಾವನೋ ಬ್ಯಾಂಕಿನವರು. ಪ್ರಮೋಷನ್, ವರ್ಗಾವಣೆಯ ಸಂಗತಿ ಮಕ್ಕಳ ಕಿವಿಗೆ ಊಟದ ಹೊತ್ತಿನಲ್ಲೇ ಬೀಳುತ್ತದೆ. ನಮ್ಮ ಕಡೆ ಈ ಪರಂಪರೆಯೇ ಇಲ್ಲವೆಂದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಪತ್ತಿನ ಸಹಕಾರ ಸಂಘ ಕಟ್ಟಿದರು. ಆದರೆ ಒಕ್ಕಲು ಮನೆಯಿಂದ ಬಂದು ಪ್ರಸಾದ ನಿಲಯದಲ್ಲಿದ್ದು ಓದುವ ಹುಡುಗಿಗೆ ಫೋನ್ ಹಚ್ಚಿ ಕೇಳಲು ಅಂಥ ಮಾವನಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ಹಳೆಯ ವಿದ್ಯಾರ್ಥಿಗಳು.

ಸಿ.ಎ. ವಿಷಯವನ್ನೇ ತೆಗೆದುಕೊಳ್ಳಿ. ಪಿ.ಯು.ಸಿ. ನಂತರ ಫೌಂಡೇಶನ್ ಪರೀಕ್ಷೆ ಬರೆದು ಮುಂದೆ ಹೋಗುವುದು ಒಂದು ದಾರಿ. ಬಿ.ಕಾಂ.ನಲ್ಲಿ ಶೇ. 55 ಅಂಕವಿದ್ದರೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರುವುದು ಇನ್ನೊಂದು. ಶೇ. 53 ಬಂದ ಮೇಲೆ ಇದು ತಿಳಿದರೆ ಏನು ಫಲ? ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ 2023ರ ಜುಲೈಯಿಂದ ಎರಡು ವರ್ಷಕ್ಕೆ ಇಳಿದಿದೆ. ಆ ಸ್ಟೈಪೆಂಡಿನಲ್ಲಿ ಬೆಂಗಳೂರಿನ ರೂಮಿನ ಬಾಡಿಗೆ ಕಟ್ಟಲಾದೀತೆ? ಹುಬ್ಬಳ್ಳಿಯಲ್ಲೇ ಒಳ್ಳೆಯ ಆಡಿಟರ್ ಕೈಕೆಳಗೆ ಕಲಿಯುವುದು ಲೇಸೆ? ಎರಡು ಸಲ ಫೇಲಾದವರು ಮುಂದೆ ಏನಾದರು? ಇದನ್ನು ಆ ದಾರಿ ನಡೆದವರೇ ಹೇಳಬೇಕು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಸಂದರ್ಶನದ ಭಯವಿಲ್ಲ. ಪಿ.ಒ. ಹುದ್ದೆಗೆ ಸಂದರ್ಶನವುಂಟು, ದೇಶದ ಯಾವ ಮೂಲೆಗಾದರೂ ವರ್ಗವುಂಟು. ವಿಮೆ ಮಾರುವ ಟಾರ್ಗೆಟ್ಟಿನ ಒತ್ತಡವನ್ನಂತೂ ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ಜಮಖಾನೆಯ ಮೇಲೆ ಎದುರುಬದುರು ಕೂತರೆ ಹೇಳಿಯಾರು.

ಆದ್ದರಿಂದ ಸಮಾವೇಶದ ದಿನ ಮಧ್ಯಾಹ್ನ ಒಬ್ಬೊಬ್ಬರ ಸುತ್ತ ಹತ್ತು ಹನ್ನೆರಡು ಮಕ್ಕಳು ಕೂತುಕೊಳ್ಳಲಿ. ಪ್ರಶ್ನೆಗಳನ್ನು ವಾರದ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಸಂಕೋಚದವರದೂ ತಪ್ಪುವುದಿಲ್ಲ. ಸಂಬಳವೆಷ್ಟು ಎಂದು ಕೇಳುವುದು ಉದ್ಧಟತನವಲ್ಲ. ಸಾಲ ಮಾಡಿ ಓದಿಸುವ ತಂದೆತಾಯಿಗಳ ಮಕ್ಕಳಿಗೆ ಅದು ಮೊದಲ ಪ್ರಶ್ನೆಯೇ. ಹಳೆಯ ವಿದ್ಯಾರ್ಥಿನಿಯರನ್ನು ಹುಡುಕಿ ಕರೆಸಬೇಕು. ಮದುವೆಯಾದ ಮೇಲೆ ವರ್ಗಾವಣೆಯನ್ನು ಹೇಗೆ ನಿಭಾಯಿಸಿದರೆಂಬುದನ್ನು ಹೆಣ್ಣುಮಕ್ಕಳು ಅವರ ಬಾಯಿಂದಲೇ ಕೇಳಲಿ.

ಬಂದವರು ಪಾಲಿಸಿ ಮಾರಬಾರದು, ಏಜೆಂಟರನ್ನು ಹಿಡಿಯಬಾರದು. ಮಕ್ಕಳೂ ನೌಕರಿ ಕೊಡಿಸಿರೆಂದು ಅರ್ಜಿ ಚಾಚಬಾರದು. ಇನ್ನು ಆ ಜಮಖಾನೆಯ ಮೇಲೆ ಯಾವ ಮನೆತನ, ಯಾವ ಒಳಪಂಗಡ ಎಂಬ ವಿಚಾರಣೆ ಬೇಡವೇ ಬೇಡ. ದಾಸೋಹದ ಪಂಕ್ತಿಯಲ್ಲಿ ಉಂಡ ಎಲ್ಲ ಮಕ್ಕಳಿಗೂ ಅಲ್ಲಿ ಜಾಗವಿರಬೇಕು. ನಮ್ಮವನೆಂದು ಹೆಗಲು ತಟ್ಟಿ ಹುದ್ದೆ ಹಂಚುವ ಚಾಳಿಗೆ ನಾವು ಬೇರೆಯವರನ್ನು ಬಯ್ಯುತ್ತ ಬಂದಿದ್ದೇವೆ, ಅಲ್ಲವೆ?

ಈ ವರ್ಷದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ಸನ್ಮಾನಕ್ಕೆಂದು ಇಟ್ಟ ಎರಡು ತಾಸಿನಲ್ಲಿ ಒಂದು ತಾಸನ್ನು ಕಾರ್ಯದರ್ಶಿಗಳು ಇದಕ್ಕೆ ತೆಗೆದಿಡಲಿ.