ನೆಟ್‌ಗೆ ಬೇಕಿರುವುದು ನೀರುಗಂಟಿ, ಪೈಲ್ವಾನನಲ್ಲ

ಅಕ್ಕನಿಗೆ ಆನ್‌ಲೈನ್ ಸಂದರ್ಶನವಿದ್ದ ದಿನ ನಾನು ಪಕ್ಕದ ಕೋಣೆಯಲ್ಲಿ ಗೇಮ್ ಡೌನ್‌ಲೋಡ್‌ಗೆ ಹಾಕಿದ್ದೆ. ಹತ್ತು ನಿಮಿಷಕ್ಕೆ ಅವಳ ಮಾತು ತುಂಡು ತುಂಡಾಗತೊಡಗಿತು. ‘ನಿಮ್ಮ ದನಿ ಕೇಳಿಸ್ತಿಲ್ಲ’ ಎಂದು ಆ ಕಡೆಯವರು ಮೂರು ಸಲ ಹೇಳಿದರು. ಆಮೇಲೆ ಕರೆ ಮಾಡುತ್ತೇವೆ ಎಂದರು. ಮಾಡಲಿಲ್ಲ. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮೂರು ಬೆಳಗೊಳ. ಮನೆಗೆ 100 ಎಂಬಿಪಿಎಸ್‌ನ ಫೈಬರ್ ಸಂಪರ್ಕ ಇದೆ, ಪರೀಕ್ಷೆ ಮಾಡಿದರೆ ಅಷ್ಟೂ ವೇಗ ಬರುತ್ತದೆ. ಹಾಗಾದರೆ ತೊಂದರೆ ಎಲ್ಲಿ? ನಾಲೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ತುಂಬಾ ನೀರಿದ್ದರೆ ಸಾಲದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವ ನೀರುಗಂಟಿ ಬೇಕು. ಅವನಿಲ್ಲದಿದ್ದರೆ ಮೇಲಿನ ಗದ್ದೆಯವರೇ ಎಲ್ಲ ತಿರುಗಿಸಿಕೊಳ್ಳುತ್ತಾರೆ, ಕೊನೆಯ ಗದ್ದೆ ಒಣಗುತ್ತದೆ. ರೂಟರ್ ಮಾಡಬೇಕಾದದ್ದೂ ಇದೇ ಕೆಲಸ. ದೊಡ್ಡ ಡೌನ್‌ಲೋಡ್‌ನ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಂತಾಗ, ಸಂದರ್ಶನದ ಪುಟ್ಟ ಪ್ಯಾಕೆಟ್‌ಗಳು ಅವುಗಳ ಹಿಂದೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ‘ಬಫರ್‌ಬ್ಲೋಟ್’ ಎನ್ನುತ್ತಾರೆ. ಸಂಪರ್ಕದ ಜೊತೆಗೆ ಬರುವ ಎಷ್ಟೋ ಅಗ್ಗದ ಡಬ್ಬಗಳು ಈ ಸರದಿಯನ್ನು ನಿಭಾಯಿಸುವುದಿಲ್ಲ.

ಹಾಗಾಗಿ ನಾನೇ ಒಂದು ರೂಟರ್ ಕಂಪ್ಯೂಟರ್ ಮಾಡಿಕೊಳ್ಳಲು ಹೊರಟೆ. ಕಾಲೇಜಿನ ಗೆಳೆಯರು ಕೊಟ್ಟ ಪಟ್ಟಿಯಲ್ಲಿ ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್ ಇದ್ದವು. ನನ್ನ ಅಭಿಪ್ರಾಯ ಬೇರೆ. 100 ಎಂಬಿಪಿಎಸ್‌ನ ಮನೆಗೆ ಎರಡು ಕೋರ್‌ನ ಸಾಧಾರಣ ಪ್ರೊಸೆಸರ್, 4 ಜಿಬಿ ರ‍್ಯಾಮ್, ಇರುವುದರಲ್ಲೇ ಚಿಕ್ಕ ಎಸ್‌ಎಸ್‌ಡಿ ಧಾರಾಳವಾಗಿ ಸಾಕು. ನೀರುಗಂಟಿ ಪೈಲ್ವಾನನಾಗಬೇಕಿಲ್ಲ. ಸರದಿ ತಿಳಿದಿರಬೇಕು, ಹಗಲೂ ರಾತ್ರಿ ಜಾಗದಲ್ಲಿರಬೇಕು.

ಈ ‘ಹಗಲೂ ರಾತ್ರಿ’ಯಲ್ಲೇ ಲೆಕ್ಕ ಇರುವುದು. ಮಾವ ತಮ್ಮ ಹಳೆಯ ಡೆಸ್ಕ್‌ಟಾಪ್ ಬಿಟ್ಟಿ ಕೊಡುತ್ತೇನೆ ಎಂದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಕರೆಂಟ್ ತಿಂತದೆ ಇದು?’ ಕಾಲೇಜಿನಿಂದ ವ್ಯಾಟ್ ಮೀಟರ್ ತಂದು ನೋಡಿದೆ. ಸುಮ್ಮನೆ ಕೂತಾಗಲೇ 60 ವ್ಯಾಟ್. ಅಂದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಬಿಲ್ ಸೊನ್ನೆ ಬರುವುದು ಸರಾಸರಿ ಬಳಕೆಗೆ ಶೇ 10 ಸೇರಿಸಿದ ಮಿತಿಯೊಳಗೆ ಇದ್ದರೆ ಮಾತ್ರ. ನಮ್ಮ ಸರಾಸರಿ 90 ಯೂನಿಟ್, ಮಿತಿ 99. ಮಾವನ ಕಂಪ್ಯೂಟರ್ ಇಟ್ಟರೆ 34 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ತಿಂಗಳಿಗೆ 200 ರೂಪಾಯಿ. ಬಿಟ್ಟಿ ಬಂದದ್ದು ಎರಡೇ ವರ್ಷದಲ್ಲಿ 4,800 ರೂಪಾಯಿ ತಿನ್ನುತ್ತದೆ.

ಅದರ ಬದಲು ಕಚೇರಿಯೊಂದರಲ್ಲಿ ಬಳಸಿ ಮಾರಿದ, ಆರನೇ ತಲೆಮಾರಿನ ಐ3 ಇರುವ ಸಣ್ಣ ಡೆಸ್ಕ್‌ಟಾಪ್ ಅನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 4,500 ರೂಪಾಯಿಗೆ ಕೊಂಡೆ. ಇದು ಎಳೆಯುವುದು 20 ವ್ಯಾಟ್. ತಿಂಗಳಿಗೆ 14 ಯೂನಿಟ್, ಅದರಲ್ಲಿ ಮಿತಿ ದಾಟುವುದು ಐದು ಮಾತ್ರ.

ಉಳಿದ ಹಣ ಹಾಕಬೇಕಾದದ್ದು ನೆಟ್‌ವರ್ಕ್ ಕಾರ್ಡ್‌ಗೆ. ರೂಟರ್‌ಗೆ ಕನಿಷ್ಠ ಎರಡು ಪೋರ್ಟ್ ಬೇಕು, ಒಂದು ಹೊರಗಿನ ಸಂಪರ್ಕಕ್ಕೆ, ಇನ್ನೊಂದು ಮನೆಯೊಳಕ್ಕೆ. ಇಂಟೆಲ್ ಚಿಪ್ ಇರುವ ಕಾರ್ಡ್ ಹುಡುಕಿ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್‌ನಂತಹ ತಂತ್ರಾಂಶಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಹೊಸದೆಂದು ತೀರಾ ಅಗ್ಗಕ್ಕೆ ಮಾರುವವುಗಳಲ್ಲಿ ನಕಲಿಯೂ ಇವೆ, ಎಚ್ಚರ. ಸಣ್ಣ ಡೆಸ್ಕ್‌ಟಾಪ್ ಆದರೆ ಅರ್ಧ ಎತ್ತರದ ಕಾರ್ಡ್ ಬೇಕು. ನಾನು ಅಳತೆ ನೋಡದೆ ತಂದು ಒಂದು ಬಸ್ ಚಾರ್ಜ್ ಕಳೆದುಕೊಂಡೆ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಆನ್ ಆಗುವಂತೆ ಬಯೋಸ್‌ನಲ್ಲಿ ಹೊಂದಿಸುವುದನ್ನೂ ಮರೆಯಬೇಡಿ. ಹಳೆಯ ವೈಫೈ ರೂಟರ್ ಎಸೆಯಬೇಡಿ, ವೈಫೈ ಹಂಚಲು ಅದೇ ಸಾಕು.

ತಂತ್ರಾಂಶಕ್ಕೆ ಕಾಸು ಬೇಡ. ನಾನು ಹಾಕಿದ್ದು ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್ ಕಂಪನಿ 2003ರಲ್ಲಿ ತನ್ನ ರೂಟರ್‌ನ ಮೂಲ ಸಂಕೇತ ಬಿಡುಗಡೆ ಮಾಡಬೇಕಾಗಿ ಬಂದಾಗ, ಅದನ್ನು ಹಿಡಿದು ಹವ್ಯಾಸಿಗಳು 2004ರಲ್ಲಿ ಆರಂಭಿಸಿದ ಯೋಜನೆ ಇದು. ಇದರಲ್ಲಿನ ಎಸ್‌ಕ್ಯುಎಂ ಎಂಬ ಸೌಲಭ್ಯವೇ ನಮ್ಮ ನೀರುಗಂಟಿ. ವೇಗದ ಮಿತಿಯನ್ನು 100ರ ಬದಲು 90ಕ್ಕೆ ಇಟ್ಟೆ. ಈಗ ನಾನು ಏನು ಡೌನ್‌ಲೋಡ್ ಮಾಡಿದರೂ ಅಕ್ಕನ ಕರೆ ಕಡಿಯುವುದಿಲ್ಲ.

ಎಲ್ಲರೂ ಇದನ್ನೇ ಮಾಡಿ ಎನ್ನುತ್ತಿಲ್ಲ. ನಿಮ್ಮಲ್ಲಿರುವ ರೂಟರ್‌ಗೇ ಓಪನ್‌ಡಬ್ಲ್ಯುಆರ್‌ಟಿ ಹಾಕಲು ಆಗುವುದಾದರೆ ಖರ್ಚೇ ಬೇಡ. ಆದರೆ ನೆಟ್‌ವರ್ಕಿಂಗ್ ಕೆಲಸ ಹುಡುಕುವವರು ಕೋರ್ಸ್‌ಗೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ಇಂಥದ್ದೊಂದು ಯಂತ್ರ ಕೂಡಿಸಿ ನೋಡಲಿ. ಡಿಎಚ್‌ಸಿಪಿ, ಡಿಎನ್‌ಎಸ್, ಫೈರ್‌ವಾಲ್ ಎಂದು ಪರೀಕ್ಷೆಗೆ ಉರು ಹೊಡೆದಿದ್ದು, ಮನೆಯವರೆಲ್ಲ ‘ನೆಟ್ ಇಲ್ಲ’ ಎಂದು ಕೂಗಿದಾಗ ನನಗೆ ನಿಜವಾಗಿ ತಲೆಗೆ ಹತ್ತಿತು. ಬಯೊಡೇಟಾದಲ್ಲಿ ಬರೆದುಕೊಳ್ಳುವುದಕ್ಕೂ ಮಾಡಿ ತೋರಿಸುವುದಕ್ಕೂ ಇರುವ ಅಂತರ ಅಷ್ಟೇ.

ಮುಂದಿನ ವಾರ ಅಕ್ಕನಿಗೆ ಮತ್ತೊಂದು ಸಂದರ್ಶನ. ಅದು ಮುಗಿಯುವವರೆಗೆ ನಾನು ಆ ಡಬ್ಬ ಮುಟ್ಟುವಂತಿಲ್ಲ ಎಂದು ಅಮ್ಮನ ಆಜ್ಞೆಯಾಗಿದೆ. ಒಪ್ಪಿಕೊಂಡಿದ್ದೇನೆ.