ಓಪನ್ ಸೋರ್ಸ್ ರೋಬೋಟಿನಲ್ಲಿ ನಮ್ಮವರ ಹೆಸರು ಎಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಓಪನ್ ಸೋರ್ಸ್ ಅಂದ್ರೆ ಜಾತಿ ಇಲ್ಲದ ಜಾಗ, ಅಲ್ಲಿ ಕೆಲಸ ಮಾತ್ರ ಮಾತಾಡುತ್ತೆ ಅಂತ ನಮ್ಮ ಕೆಲವು ಇಂಜಿನಿಯರ್ ಗೆಳೆಯರು ಹೇಳ್ತಾರೆ. ಸಾಫ್ಟ್‌ವೇರ್ ಬಗ್ಗೆ ನಾನು ವಾದಕ್ಕೆ ಬರಲ್ಲ. ರೋಬೋಟ್ ವಿಷಯ ಬೇರೆ. ರೋಬೋಟಿಗೆ ಮೈ ಇದೆ. ತಗಡು ಕತ್ತರಿಸಬೇಕು, ತಂತಿ ಸುಲಿಯಬೇಕು, ಬೆಸುಗೆ ಹಾಕಬೇಕು, ಗೇರಿನ ಹಲ್ಲು ಮುರಿದರೆ ಯಾಕೆ ಮುರೀತು ಅಂತ ಕೂತು ನೋಡಬೇಕು. ಎಲ್ಲವೂ ಕೈಕೆಲಸ. ಕೈಕೆಲಸ ಅಂದ ಕೂಡಲೇ ಈ ದೇಶದಲ್ಲಿ ಯಾರ ಕೈ ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ನನಗೆ ಗೊತ್ತಿರೋ ಒಂದು ಪ್ರಾಜೆಕ್ಟ್ ಹೇಳ್ತೀನಿ, ಕಾಲೇಜಿನ ಹೆಸರು ಬೇಡ. ಆರು ಕಾಲಿನ ರೋಬೋಟ್. ವಿನ್ಯಾಸವೆಲ್ಲ ಮುಕ್ತ, ಯಾರು ಬೇಕಾದ್ರೂ ಇಳಿಸಿಕೊಂಡು ಮಾಡಿಕೊಳ್ಳಬಹುದು. ಒಳ್ಳೇದೇ. ನಮ್ಮ ಕೇರಿಯ ಹುಡುಗ, ಐಟಿಐ ಫಿಟ್ಟರ್ ಮುಗಿಸಿದವನು, ಅಲ್ಲಿ ಲ್ಯಾಬ್ ಹೆಲ್ಪರ್. ಮೋಟಾರ್ ಕೂರಿಸೋ ಬ್ರಾಕೆಟ್ ಮೂರು ಸಲ ಸೀಳಿ ಹೋಯ್ತು. ನಾಲ್ಕನೇ ಸಲ ಇವನು ತೂತನ್ನು ಅಂಚಿನಿಂದ ಒಳಕ್ಕೆ ಸರಿಸಿ, ಚೂಪು ಮೂಲೆಯನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿ ಕೊಟ್ಟ. ನಿಂತಿತು. ಅದನ್ನು ಅಳೆದು, ಕಂಪ್ಯೂಟರಿನಲ್ಲಿ ತಿದ್ದಿ, ಫೈಲ್ ಏರಿಸಿದವರು ಬೇರೆಯವರು. ಕೊಡುಗೆದಾರರ ಪಟ್ಟಿಯಲ್ಲಿ ನಾಲ್ಕು ಹೆಸರಿದೆ, ಇವನದ್ದಿಲ್ಲ. ನಾನೇ ಹೋಗಿ ಕೇಳಿದೆ. "ಅವನಿಗೆ ಗಿಟ್‌ಹಬ್ ಅಕೌಂಟೇ ಇಲ್ವಲ್ಲ ಮೇಡಂ" ಅಂದ್ರು.

ಆ ಉತ್ತರ ಸುಳ್ಳಲ್ಲ. ರೋಗ ಇರೋದೇ ಅಲ್ಲಿ. ಗಿಟ್ ಅನ್ನೋ ವ್ಯವಸ್ಥೆ ಪ್ರತಿ ಬದಲಾವಣೆಗೂ ಎರಡು ಖಾನೆ ಇಟ್ಟಿದೆ: ಬರೆದವರು ಯಾರು, ಸೇರಿಸಿದವರು ಯಾರು. ಎರಡರಲ್ಲೂ ಹೆಸರಿನ ಪಕ್ಕ ಇಮೇಲ್. ಎರಡೂ ಕೀಬೋರ್ಡ್ ಮುಂದೆ ಕೂತವರಿಗೆ. ಅರ ಹಿಡಿದವನಿಗೆ ಮೂರನೇ ಖಾನೆ ಇಲ್ಲ. ಕೋಡ್ ಆದ್ರೆ ಯಾವ ಸಾಲನ್ನು ಯಾರು ಮುಟ್ಟಿದ್ರು ಅಂತಾದ್ರೂ ಕಾಣುತ್ತೆ. ತ್ರೀಡಿ ಪ್ರಿಂಟಿಗೆ ಕಳಿಸೋ ಎಸ್‌ಟಿಎಲ್ ಫೈಲಿನಲ್ಲಿರೋದು ಬರೀ ತ್ರಿಕೋನಗಳ ರಾಶಿ. ಆ ತೂತು ಯಾಕೆ ಜರುಗಿತು, ಯಾರು ಹೇಳಿ ಜರುಗಿತು ಅಂತ ಅದು ಹೇಳಲ್ಲ.

ನಾನು ಗುಮಾಸ್ತೆ, ಕಡತ ನೋಡಿ ಬದುಕೋಳು. ನಮ್ಮ ಟಿಪ್ಪಣಿ ಹಾಳೆಯನ್ನು ಎಷ್ಟು ಬೇಕಾದ್ರೂ ಬೈಯಿರಿ, ಅದರಲ್ಲಿ ಒಂದು ನ್ಯಾಯ ಇದೆ. ವಿಷಯ ನಿರ್ವಾಹಕರು ಮಂಡಿಸಿದ್ದಕ್ಕೆ ಅವರ ಕಿರುಸಹಿ ಮೊದಲು ಬೀಳುತ್ತೆ, ಸಾಹೇಬರು ಅದರ ಕೆಳಗೆ ಬರೀತಾರೆ. ಒಪ್ಪದಿದ್ರೆ "ಚರ್ಚಿಸಿ" ಅಂತ ಗೀಚಬಹುದು, ಕೆಳಗಿನವರು ಬರೆದ ಪ್ಯಾರಾ ಹರಿದು ಹಾಕೋ ಹಾಗಿಲ್ಲ. ಬ್ರಿಟಿಷರ ಕಾಲದಿಂದ ಬಂದ ಹಳೇ ಹಾಳೆಗೆ ಇರೋ ಈ ಬುದ್ಧಿ ಹೊಸ ತಂತ್ರಜ್ಞಾನಕ್ಕೆ ಯಾಕಿಲ್ಲ?

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ರೋಬೋಟ್ ಮಾಡಲು ಹೊರಟ ಮಕ್ಕಳ ಕೈಗೆ ಮೊದಲು ಸಿಗೋದು ಸಾಮಾನ್ಯವಾಗಿ ಆರ್ಡುಯಿನೋ ಬೋರ್ಡ್. ಅದು ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಊರಲ್ಲಿ. ಸ್ಥಾಪಕರು ಅಂತ ಐದು ಹೆಸರು ಹೇಳ್ತಾರೆ. ಆದರೆ 2003ರಲ್ಲೇ, ಅದೇ ಊರಿನ ವಿನ್ಯಾಸ ಸಂಸ್ಥೆಯಲ್ಲಿ, ಎರ್ನಾಂಡೋ ಬರ್ರಾಗಾನ್ ಅನ್ನೋ ಕೊಲಂಬಿಯಾದ ವಿದ್ಯಾರ್ಥಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ 'ವೈರಿಂಗ್' ಅನ್ನೋ ಬೋರ್ಡು, ಅದರ ಜೊತೆ ಸಾಫ್ಟ್‌ವೇರು ಕಟ್ಟೋಕೆ ಕೂತಿದ್ದರು. ಮಾರ್ಗದರ್ಶಕರಲ್ಲಿ ಒಬ್ಬರು ಮಾಸ್ಸಿಮೋ ಬಾನ್ಸಿ, ಮುಂದೆ ಆರ್ಡುಯಿನೋದ ಐವರಲ್ಲಿ ಒಬ್ಬರು. ಆರ್ಡುಯಿನೋ ಎದ್ದಿದ್ದು ವೈರಿಂಗ್ ಅಡಿಪಾಯದ ಮೇಲೆ. ಕೃತಜ್ಞತೆಯ ಪುಟದಲ್ಲಿ ವೈರಿಂಗ್ ಹೆಸರಿದೆ, ಇಲ್ಲ ಅನ್ನಲ್ಲ. ಐವರ ಸಾಲಿನಲ್ಲಿ ಬರ್ರಾಗಾನ್ ಇಲ್ಲ. 2016ರಲ್ಲಿ ಅವರೇ ಕೂತು ತಮ್ಮ ಕಡೆಯ ಇತಿಹಾಸ ಬರೆದರು. ಬರೆಯೋಕೆ ಆಧಾರವಾಗಿ ಪ್ರಬಂಧ ಇತ್ತು, ತಾರೀಖು ಇತ್ತು. ನಮ್ಮ ಹುಡುಗನ ಹತ್ತಿರ ಏನಿದೆ? ಅಂಗೈ ಮೇಲಿನ ಸುಟ್ಟ ಕಲೆ.

"ಲೈಸೆನ್ಸ್ ಇದೆಯಲ್ಲ, ಹೆಸರು ಉಳಿಸಲೇಬೇಕು" ಅಂತ ಕೆಲವರು ವಾದಿಸ್ತಾರೆ. ನಾನೂ ಓದಿ ನೋಡಿದೆ. ಲೈಸೆನ್ಸ್ ಹೇಳೋದು ಇಷ್ಟೇ: ಈಗಾಗಲೇ ಬರೆದಿರೋ ಹೆಸರನ್ನು ಅಳಿಸಬೇಡಿ. ಬರೆಯದೇ ಬಿಟ್ಟ ಹೆಸರನ್ನು ಅದು ಹುಡುಕಿಕೊಂಡು ಬರಲ್ಲ. ಪಹಣಿಯಲ್ಲಿ ಹೆಸರಿಲ್ಲದವನ ಜಮೀನಿಗೆ ಕೋರ್ಟು ರಕ್ಷಣೆ ಕೊಟ್ಟ ಹಾಗೆ ಇದು.

ಇನ್ನೊಂದು ಮಾತಿದೆ, ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತೆ. "ಹೆಸರಿಗಾಗಿ ಕೆಲಸ ಮಾಡ್ತೀರಾ?" ಹೌದು ಸ್ವಾಮಿ, ಮಾಡ್ತೀವಿ. ಆ ಪಟ್ಟಿಯ ಲಿಂಕ್ ತೋರಿಸಿ ಇಂಟರ್ನ್‌ಶಿಪ್ ತಗೋತಾರೆ, ವಿದೇಶದ ಸೀಟು ತಗೋತಾರೆ. ಅಡ್ಡಹೆಸರೇ ಶಿಫಾರಸು ಪತ್ರ ಆಗಿರೋರಿಗೆ ನಿಷ್ಕಾಮ ಕರ್ಮ ಸುಲಭ.

ದಾಖಲೆ ಅಂದ್ರೆ ಏನು ಅಂತ ನಮ್ಮ ಚಳವಳಿಗೆ ಯಾರೂ ಪಾಠ ಮಾಡಬೇಕಿಲ್ಲ. 2003ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋದಾಗ, ಮಲ ಹೊರುವ ಪದ್ಧತಿ ನಮ್ಮಲ್ಲಿಲ್ಲ ಅಂತ ರಾಜ್ಯ ರಾಜ್ಯಗಳೇ ಹೇಳಿದವು. ಕೋಲಾರ ಚಿನ್ನದ ಗಣಿಯ ನಮ್ಮ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು ಊರೂರು ತಿರುಗಿ ಫೋಟೊ, ಹೆಸರು, ವಿವರ ಕೂಡಿಸಿ ಮುಂದಿಟ್ಟರು. 2014ರ ಮಾರ್ಚ್ 27ರ ತೀರ್ಪಿನ ಹಿಂದೆ ಆ ಕಾಗದಗಳ ಬೆವರಿದೆ.

ಈಗ ಮ್ಯಾನ್‌ಹೋಲ್ ಒಳಗೆ ಇಳಿಯೋ ರೋಬೋಟ್ ಬಂದಿವೆ. ಬರಲಿ, ನಾಳೆ ಬದಲು ಇವತ್ತೇ ಬರಲಿ. ಆದ್ರೆ ಹೂಳು ಎಲ್ಲಿ ಗಟ್ಟಿ ಕಟ್ಟುತ್ತೆ, ಮುಚ್ಚಳ ತೆಗೆದು ಎಷ್ಟು ಹೊತ್ತು ಬಿಡಬೇಕು, ಬಕೆಟ್ ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ, ಇದನ್ನೆಲ್ಲ ಯಂತ್ರ ಮಾಡೋರು ಯಾರನ್ನ ಕೇಳಿ ತಿಳಿಯಬೇಕು? ಪ್ರಾಣ ಪಣಕ್ಕಿಟ್ಟು ಕಲಿತವರನ್ನೇ. ಮುಂದೆ ಯಾರಾದ್ರೂ ಅಂಥ ಯಂತ್ರದ ವಿನ್ಯಾಸವನ್ನು ಮುಕ್ತವಾಗಿ ಹಂಚಿದ್ರೆ, ಆ ಮಾತುಗಳು "ಕ್ಷೇತ್ರ ಭೇಟಿ" ಅನ್ನೋ ಒಂದು ಸಾಲಲ್ಲಿ ಮುಚ್ಚಿಹೋಗಬಾರದು. ಅವರನ್ನು ವಿನ್ಯಾಸಕಾರರು ಅಂತಲೇ ಬರೀಬೇಕು.

ಉಪಾಯ ಕಷ್ಟದ್ದೇನಲ್ಲ. ಕೋಡ್ ಬರೆಯದೆ ಪರೀಕ್ಷೆ, ಅನುವಾದ, ವಿನ್ಯಾಸ ಮಾಡಿದವರನ್ನು ಪಟ್ಟಿಗೆ ಸೇರಿಸಲೆಂದೇ 'ಆಲ್ ಕಾಂಟ್ರಿಬ್ಯೂಟರ್ಸ್' ಅನ್ನೋ ಪದ್ಧತಿ ಇದೆ. ಅದೂ ಬೇಡ ಅಂದ್ರೆ ಪ್ರಾಜೆಕ್ಟಿನೊಳಗೆ ಒಂದು ಸಾದಾ ಅಕ್ಷರದ ಕಡತ ಸಾಕು, ಅದರಲ್ಲಿ ಹೆಸರು ಬೀಳೋಕೆ ಯಾರ ಅಕೌಂಟೂ ಬೇಕಿಲ್ಲ. ಯಾವ ಭಾಗ, ಏನು ಕೆಟ್ಟಿತ್ತು, ಯಾರು ಸರಿ ಮಾಡಿದ್ರು, ಯಾವತ್ತು. ಹೆಸರನ್ನು ಹೇಗೆ ಬರೀಬೇಕು, ಬರೀಬೇಕೋ ಬೇಡವೋ ಅನ್ನೋದನ್ನು ಕೆಲಸ ಮಾಡಿದವರನ್ನೇ ಕೇಳಿ. ಇದನ್ನು ಪ್ರಾಜೆಕ್ಟ್ ಶುರುವಾದ ದಿನವೇ ಮಾಡಿ. ಬಹುಮಾನ ಬಂದ ಮೇಲೆ ಯಾರಿಗೂ ನೆನಪಿರಲ್ಲ.

ಲ್ಯಾಬ್‌ಗಳಲ್ಲಿ, ವರ್ಕ್‌ಶಾಪ್‌ಗಳಲ್ಲಿ ಇರೋ ನಮ್ಮ ತಮ್ಮಂದಿರೇ, ತಂಗಿಯರೇ: ಇವತ್ತು ಮಾಡಿದ ಕೆಲಸದ ಫೋಟೊ ತೆಗೆದು, ತಾರೀಖು ಹಾಕಿ, ನಾಲ್ಕು ಸಾಲು ಕನ್ನಡದಲ್ಲೇ ಬರೆದು ಪ್ರಾಜೆಕ್ಟ್ ಗ್ರೂಪಿಗೆ ಹಾಕಿ. ಹಾಕೋಕೆ ಬಿಡಲಿಲ್ಲ ಅಂದ್ರೆ ನನಗೆ ಮೆಸೇಜ್ ಮಾಡಿ. ಅರ್ಜಿ ಬರೆಯೋದು ನನಗೆ ಚೆನ್ನಾಗಿ ಗೊತ್ತು.